ಡಾಲರ್ ಗುರುತಿನ ಹಳೇ ಗೆಳೆಯ

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ನನ್ನ ಮಾನಿಟರ್ ಇಣುಕಿ, "ಸರ್, ಪಿಎಚ್‌ಪಿನಾ! ಇದಿನ್ನೂ ಇದೆಯಾ?" ಅಂದ. ನಗುತ್ತಲೇ ಅಂದಿದ್ದು, ಆದ್ರೂ ಸ್ವಲ್ಪ ಚುಚ್ಚಿತು. ಯಾಕಂದ್ರೆ ಮುಂದಿನ ತಿಂಗಳಿಂದ ಈ ಪ್ರಾಜೆಕ್ಟನ್ನು ಬೇರೆ ಭಾಷೆಯಲ್ಲಿ ಬರೀಬೇಕಂತೆ. ಆ ಕೆಲಸ ಬಿದ್ದಿರೋದು ನನ್ನ ತಲೆ ಮೇಲೇ!

ಇಂಜಿನಿಯರಿಂಗ್‌ನಲ್ಲಿ ಸಿ, ಜಾವಾ ಎಲ್ಲಾ ಓದಿ ಪಾಸಾಗಿದ್ದೆ. ಆದರೆ ನಾನು ಬರೆದದ್ದು ಮೊದಲ ಸಲ ಬ್ರೌಸರ್‌ನಲ್ಲಿ ಮೂಡಿದ್ದು ಪಿಎಚ್‌ಪಿಯಿಂದ. ಎಚ್‌ಟಿಎಂಎಲ್ ನಡುವೆ ಒಂದು ಸಾಲು ಸೇರಿಸಿ, ಸೇವ್ ಮಾಡಿ, ರಿಫ್ರೆಶ್ ಒತ್ತಿದರೆ ಆಯ್ತು. ಪ್ರತಿ ವೇರಿಯಬಲ್ ಹಿಂದೆ ಡಾಲರ್ ಗುರುತು ಬೇರೆ. ನಾನು ಡಾಲರ್ ಕಂಡಿದ್ದು ಅಲ್ಲಿ ಮಾತ್ರ ಬಿಡಿ :)

ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ವೆಬ್ ಪುಟಕ್ಕೆಂದು ಮಾಡಿಕೊಂಡು 1995ರಲ್ಲಿ ಎಲ್ಲರಿಗೂ ಕೊಟ್ಟಿದ್ದು ಇದು. ಇವತ್ತು ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯೂ, ವರ್ಡ್‌ಪ್ರೆಸ್ಸೂ ಪಿಎಚ್‌ಪಿಯಲ್ಲೇ ಇವೆ.

ಹಾಗಂತ ಇದು ಸಾಚಾ ಅಲ್ಲ. ಒಂದು ಫಂಕ್ಷನ್‌ಗೆ ಎಲ್ಲಿ ಹುಡುಕಬೇಕು ಅಂತ ಮೊದಲು ಹೇಳಬೇಕು, ಇನ್ನೊಂದಕ್ಕೆ ಏನನ್ನು ಹುಡುಕಬೇಕು ಅಂತ. ಇವತ್ತಿಗೂ ಮ್ಯಾನುಯಲ್ ನೋಡ್ತೀನಿ.

ಕೆಲಸಕ್ಕೆ ಸೇರಿದ ಹೊಸತು, ಇದೇ ಪ್ರಾಜೆಕ್ಟು. ಹೆಸರು 20 ಅಕ್ಷರ ಮೀರಿದರೆ ಕತ್ತರಿಸು ಅಂತ ಕೋಡ್ ಬರೆದಿದ್ದೆ. ಇಂಗ್ಲಿಷ್ ಹೆಸರುಗಳೆಲ್ಲ ಚೆನ್ನಾಗೇ ಬಂದವು. ಕನ್ನಡದಲ್ಲಿ 'ಮಂಜುನಾಥ' ಅಂತ ಹಾಕಿದರೆ 'ಮಂಜುನಾ', ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ! ಗ್ರಾಹಕರು ಫೋನ್ ಮಾಡಿ, "ನಮ್ಮ ಹೆಸರನ್ನೇ ತಿಂದು ಹಾಕಿದ್ದೀರಲ್ರೀ" ಅಂದರು. ರಾತ್ರಿ ಹನ್ನೊಂದರ ತನಕ ಕೂತ ಮೇಲೆ ಗೊತ್ತಾಯ್ತು, ಅದು ಎಣಿಸೋದು ಅಕ್ಷರವನ್ನಲ್ಲ, ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಮಂಜುನಾಥನಿಗೆ 21! ಒಂದೇ ಒಂದು ಬೈಟ್ ಹೆಚ್ಚಾಗಿ 'ಥ' ಹೋಗಿತ್ತು. ಎಂಬಿ ಅಂತ ಶುರುವಾಗುವ ಫಂಕ್ಷನ್‌ಗಳನ್ನು ಬಳಸಿದ ಮೇಲೆ ಸರಿಹೋಯ್ತು. ಅದೂ ಪೂರ್ತಿ ಅಲ್ಲ, ಅದಕ್ಕೆ ಗುಣಿತ ತಿಳಿಯಲ್ಲ. ಮೊದಲ 3 ಕೊಡು ಅಂದರೆ ಕೊಂಬು ಬಿಟ್ಟು 'ಮಂಜ' ಅಂತ ಕೊಡುತ್ತೆ.

ನಮ್ಮ ಭಾಷೆಯ ಅಕ್ಷರ ಕಂಪ್ಯೂಟರ್ ಒಳಗೆ ಹೇಗಿರುತ್ತೆ ಅಂತ ಕಾಲೇಜು ಕಲಿಸಲಿಲ್ಲ, ಈ ತಪ್ಪು ಕಲಿಸಿತು. ಅದಕ್ಕೇ ಇರಬೇಕು, ಬೈದುಕೊಂಡೇ ಇಷ್ಟಪಡ್ತೀನಿ.

ಹೊಸ ಭಾಷೆ ಕಲಿಯೋದೇನು ಕಷ್ಟ ಅಲ್ಲ, ಹೊಟ್ಟೆಪಾಡು. ನಿನ್ನೆ ಆ ಹಳೇ ಫೈಲ್ ತೆಗೆದೆ. 'ಮಂಜುನಾಥ ಅಂತ ಹಾಕಿ ನೋಡು' ಅಂತ ನಾನೇ ಬರೆದಿಟ್ಟ ಕಾಮೆಂಟ್ ಇನ್ನೂ ಇತ್ತು. ಕೋಡ್ ಹೋದರೂ ಆ ಸಾಲನ್ನು ಮಾತ್ರ ಹೊಸದರಲ್ಲೂ ಹಾಕ್ತೀನಿ.