ಎರೆಹುಳು ಮತ್ತು ಗೃಹಸ್ಥನ ಅಹಿಂಸೆ

ಮುನಿಧರ್ಮದ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಪ್ರತಿಷ್ಠಾಪನಾ ಸಮಿತಿ ಎಂದೂ ಅದಕ್ಕೆ ಹೆಸರು. ದೇಹವು ಹೊರಹಾಕುವ ಮಲವನ್ನು ಜೀವಜಂತುಗಳಿಲ್ಲದ ನೆಲವನ್ನು ನೋಡಿ ಎಚ್ಚರದಿಂದ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ನಡೆಯುವುದು, ನುಡಿಯುವುದು, ಆಹಾರ ಸ್ವೀಕರಿಸುವುದು, ವಸ್ತುಗಳನ್ನು ಎತ್ತಿ ಇಡುವುದು ಇವುಗಳ ಸಾಲಿನಲ್ಲಿಯೇ ಬಿಸುಡುವ ಕ್ರಿಯೆಗೂ ಸ್ಥಾನವನ್ನು ಕೊಟ್ಟಿರುವುದು ವಿಚಾರ ಮಾಡತಕ್ಕ ಸಂಗತಿ. ಪಡೆಯುವಾಗ ಎಷ್ಟು ಎಚ್ಚರ ಬೇಕೋ ಬಿಡುವಾಗಲೂ ಅಷ್ಟೇ ಎಚ್ಚರ ಬೇಕು ಎಂಬುದನ್ನು ಪೂರ್ವಾಚಾರ್ಯರು ಕಂಡುಕೊಂಡಿದ್ದರು.

ಸಮಿತಿಗಳು ಗೃಹಸ್ಥನಿಗೆ ಮಹಾವ್ರತಿಯ ಕಟ್ಟುನಿಟ್ಟಿನಲ್ಲಿ ವಿಧಿಸಲ್ಪಟ್ಟವಲ್ಲ, ನಿಜ. ಆದರೆ ಮುನಿಯು ಬಿಸುಡುವುದು ಅತ್ಯಲ್ಪ. ಗೃಹಸ್ಥನು ಬಿಸುಡುವುದಕ್ಕೆ ಮಿತಿಯೇ ಇಲ್ಲ. ತರಕಾರಿಯ ಸಿಪ್ಪೆ, ಉಳಿದ ಅನ್ನ, ಚಹದ ಚರಟ, ಪೂಜೆಯಲ್ಲಿ ಬಾಡಿದ ಹೂವು, ಅಂಗಳದ ತರಗೆಲೆ ಎಲ್ಲವೂ ನಿತ್ಯವೂ ಮನೆಯ ಹೊಸ್ತಿಲು ದಾಟುತ್ತವೆ. ದಾಟಿದ ಮೇಲೆ ಅವು ಎಲ್ಲಿಗೆ ಹೋದವು ಎಂದು ಕೇಳುವವರು ವಿರಳ. ಬೆಂಗಳೂರು ನಗರದ ಕಸ ವರ್ಷಗಟ್ಟಲೆ ಬಂದು ಬಿದ್ದ ಮಂಡೂರು ಗ್ರಾಮದ ಜನ ಪ್ರತಿಭಟನೆಗೆ ಇಳಿದು, 2014ರ ಕೊನೆಯಲ್ಲಿ ಆ ಸುರಿಯುವಿಕೆ ನಿಂತಿತು. ಒಬ್ಬರ ಮನೆಯ ಶುಚಿತ್ವ ಇನ್ನೊಬ್ಬರ ಬಾವಿಯ ಕೊಳೆಯಾಗುವುದೆಂಬ ಪಾಠವನ್ನು ಆ ಹಳ್ಳಿ ಕಲಿಸಿತು. ಗಾಳಿಯಾಡದ ರಾಶಿಯಲ್ಲಿ ಕೊಳೆಯುವ ಅಡುಗೆಮನೆಯ ಕಸದಿಂದ ಮೀಥೇನ್ ಅನಿಲ ಹುಟ್ಟುತ್ತದೆ. ಅದಕ್ಕೆ ಬೆಂಕಿ ತಗುಲಿದರೆ ದಿನಗಟ್ಟಲೆ ಹೊಗೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ಅನ್ನದ ವಾಸನೆಗೆ ಬಂದ ಹಸು ಚೀಲಸಮೇತ ನುಂಗುತ್ತದೆ. ಚೀಲ ಕಟ್ಟಿದ ಕೈಗೆ ಇದಾವುದೂ ಕಾಣುವುದಿಲ್ಲ. ಅದು ಸಂಕಲ್ಪೀ ಹಿಂಸೆ ಅಲ್ಲದಿರಬಹುದು, ಪ್ರಮಾದವಂತೂ ಹೌದು. ಪ್ರಮಾದವೇ ಹಿಂಸೆಯ ಬೇರು ಎಂಬುದು ಜೈನ ನೀತಿಶಾಸ್ತ್ರದ ಮೊದಲ ಪಾಠ.

ಮೈಸೂರಿನ ಒಂದು ಶ್ರಾವಕ ಕುಟುಂಬದಲ್ಲಿ ಈ ಪ್ರಶ್ನೆ ಕೆಲವು ವರ್ಷಗಳ ಹಿಂದೆ ಬೇರೊಂದು ರೂಪದಲ್ಲಿ ತಲೆದೋರಿತು. ಆ ಮನೆಯ ಸೊಸೆ ಕಸವನ್ನು ಮನೆಯಲ್ಲಿಯೇ ಗೊಬ್ಬರವಾಗಿಸಬೇಕೆಂದು ನಿಶ್ಚಯಿಸಿ ಒಂದು ತೊಟ್ಟಿಯನ್ನೂ ಒಂದು ಸೇರಿನಷ್ಟು ಎರೆಹುಳುಗಳನ್ನೂ ತಂದರು. ಎಪ್ಪತ್ತು ದಾಟಿದ ಅತ್ತೆ ಅದನ್ನು ನೋಡಿ ಒಪ್ಪಲಿಲ್ಲ.

“ಎರಡು ಇಂದ್ರಿಯದ ಜೀವ ಕಣಮ್ಮ ಅದು. ನಮ್ಮ ಕಸ ಕರಗಲಿ ಅಂತ ತಂದು ತೊಟ್ಟಿಯಲ್ಲಿ ಕೂಡಿಹಾಕೋದು ಬಂಧ ಅಲ್ಲವೇ?” ಎಂದರು.

“ಅತ್ತೆ, ಲಾರಿಗೆ ಹಾಕಿದರೆ ಅದು ಹೋಗಿ ಬೀಳೋ ಕಡೆ ಎಷ್ಟು ಜೀವ ಹೋಗುತ್ತವೋ, ನಮ್ಮ ಕಣ್ಣಿಗೆ ಕಾಣೋದಿಲ್ಲ ಅಷ್ಟೇ,” ಎಂದರು ಸೊಸೆ.

“ಕಾಣದಿದ್ದರೆ ಹಿಂಸೆ ಇಲ್ಲ ಅಂತ ನಾನು ಹೇಳಲಿಲ್ಲ. ಕಂಡೂ ಕಂಡೂ ಹೊಸದೊಂದನ್ನು ಮೈಮೇಲೆ ಎಳೆದುಕೊಳ್ಳಬೇಡ ಅಂದೆ.”

ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಎರೆಹುಳು ಸ್ಪರ್ಶ ಮತ್ತು ರಸನ ಎಂಬ ಎರಡು ಇಂದ್ರಿಯಗಳುಳ್ಳ ತ್ರಸಜೀವಿ. ಆ ಎರಡು ಇಂದ್ರಿಯಗಳು, ಕಾಯಬಲ, ವಚನಬಲ, ಶ್ವಾಸೋಚ್ಛ್ವಾಸ, ಆಯುಷ್ಯ ಹೀಗೆ ಆರು ಪ್ರಾಣಗಳು ಅದಕ್ಕಿವೆ ಎನ್ನುತ್ತದೆ ಆಗಮ. ಸ್ಥಾವರ ಜೀವಿಗಳ ವಿಷಯದಲ್ಲಿ ಗೃಹಸ್ಥನಿಗೆ ಅನಿವಾರ್ಯವೆಂದು ಇರುವ ಸಡಿಲಿಕೆ ತ್ರಸಜೀವಿಗಳ ವಿಷಯದಲ್ಲಿ ಇಲ್ಲ. ಆದುದರಿಂದ ಎರೆಹುಳುವನ್ನು ಗೊಬ್ಬರ ಮಾಡುವ ಯಂತ್ರವೆಂದು ಭಾವಿಸುವ ಸ್ವಾತಂತ್ರ್ಯ ಶ್ರಾವಕನಿಗಿಲ್ಲ. ಅತ್ತೆಯ ಆಕ್ಷೇಪವನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವಂತಿರಲಿಲ್ಲ.

ಆಧುನಿಕ ವಿಜ್ಞಾನವೂ ಈ ಜೀವಿಯನ್ನು ಕಡೆಗಣಿಸಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1837ರಲ್ಲಿ ಎರೆಹುಳುಗಳನ್ನು ಕುರಿತು ಮೊದಲ ಪ್ರಬಂಧವನ್ನು ಓದಿ, 1881ರಲ್ಲಿ, ಎಂದರೆ ತಾನು ತೀರಿಕೊಳ್ಳುವ ಹಿಂದಿನ ವರ್ಷ, ಅವುಗಳ ಮೇಲೆಯೇ ತನ್ನ ಕೊನೆಯ ಗ್ರಂಥವನ್ನು ಪ್ರಕಟಿಸಿದ. ಮಣ್ಣಿನ ಕುಂಡಗಳಲ್ಲಿ ಹುಳುಗಳನ್ನಿಟ್ಟು, ಅವುಗಳ ಬಳಿ ಪಿಯಾನೊ ನುಡಿಸಿ ನೋಡಿದ. ನಾದಕ್ಕೆ ಅವು ಓಗೊಡಲಿಲ್ಲ. ಅದೇ ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ನುಡಿಸಿದಾಗ ಮಾತ್ರ ಕಂಪನವನ್ನರಿತು ಬಿಲದೊಳಗೆ ಸರಿದವು. ಕಿವಿಯಿಲ್ಲ, ಆದರೆ ಸ್ಪರ್ಶಜ್ಞಾನ ಅತಿಸೂಕ್ಷ್ಮ ಎಂದು ಅವನು ನಿರ್ಣಯಿಸಿದ. ಒಡ್ಡಿದ ಎಲೆಗಳಲ್ಲಿ ಕೆಲವನ್ನು ಆರಿಸಿ ತಿಂದು ಕೆಲವನ್ನು ಬಿಟ್ಟುದನ್ನು ಕಂಡು ರುಚಿಯ ಅರಿವಿದೆಯೆಂದ. ಕಣ್ಣಿಲ್ಲದಿದ್ದರೂ ಅವುಗಳ ಚರ್ಮಕ್ಕೆ ಬೆಳಕಿನ ಅರಿವಾಗುತ್ತದೆಂಬುದನ್ನೂ ಗುರುತಿಸಿದ. ಎರಡು ಭಿನ್ನ ಮಾರ್ಗಗಳಲ್ಲಿ ನಡೆದ ಶೋಧನೆಗಳು ಸ್ಪರ್ಶ, ರಸನಗಳ ವಿಷಯದಲ್ಲಿ ಹೀಗೆ ಸಮೀಪ ಬರುವುದು ಕುತೂಹಲಕರ.

ಎರೆಹುಳುವಿಗೆ ಶ್ವಾಸಕೋಶವಿಲ್ಲ. ತೇವದ ಚರ್ಮದ ಮೂಲಕವೇ ಅದು ಉಸಿರಾಡುತ್ತದೆ. ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ. ಹಲ್ಲಿಲ್ಲದ ಕಾರಣ ನುಂಗಿದ ಮರಳಿನ ಕಣಗಳ ಸಹಾಯದಿಂದ ಆಹಾರವನ್ನು ಒಡಲೊಳಗೆ ಅರೆಯುತ್ತದೆ. ಎರಡಾಗಿ ಕತ್ತರಿಸಿದರೆ ಎರಡು ಹುಳುಗಳಾಗುತ್ತವೆ ಎಂಬ ಲೋಕರೂಢಿಯ ಮಾತು ಸುಳ್ಳು. ಗುದ್ದಲಿಯ ಏಟು ಬಿದ್ದರೆ ಹೆಚ್ಚಾಗಿ ಅದು ಸಾಯುತ್ತದೆ. ಎಲ್ಲ ಎರೆಹುಳುಗಳೂ ಕಸವನ್ನು ತಿನ್ನುವವಲ್ಲ. ಆಳದ ಮಣ್ಣಿನಲ್ಲಿ ಬಿಲ ತೋಡುವವು ಬೇರೆ, ಮೇಲ್ಪದರದ ತರಗೆಲೆಯಲ್ಲಿ ಬದುಕುವವು ಬೇರೆ. ಗೊಬ್ಬರಕ್ಕೆ ಒದಗುವವು ಎರಡನೆಯ ಬಗೆಯವು. ಮಾರಾಟಕ್ಕೆ ದೊರೆಯುವವುಗಳಲ್ಲಿ ಯೂಡ್ರಿಲಸ್ ಯುಜೀನಿಯೆ ಆಫ್ರಿಕಾ ಮೂಲದ್ದು, ಐಸೀನಿಯಾ ಫೆಟಿಡಾ ಯೂರೋಪಿನದು. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಇಲ್ಲಿಯದೇ ನೆಲದ್ದು. ಈ ಕೊನೆಯ ಜಾತಿ ಸಾವಯವ ಕಸವನ್ನು ಗೊಬ್ಬರವಾಗಿಸಬಲ್ಲುದೆಂಬ ಅಧ್ಯಯನವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ರಾಧಾ ಕಾಳೆ ಮತ್ತು ಸಹೋದ್ಯೋಗಿಗಳು 1982ರಲ್ಲಿಯೇ ಪ್ರಕಟಿಸಿದ್ದರು.

ಮೈಸೂರಿನ ಆ ಮನೆಯಲ್ಲಿ ತೊಟ್ಟಿ ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಅತ್ತೆ ಅದರ ಕಡೆ ಸುಳಿಯುತ್ತಿರಲಿಲ್ಲ. ಆ ವರ್ಷ ದಶಲಕ್ಷಣ ಪರ್ವ ಮುಗಿದು ಪಾರಣೆಯ ಊಟಕ್ಕೆ ಬಂಧುಬಳಗ ಸೇರಿತು. ಉಳಿದ ಅನ್ನ, ರಾಶಿ ಸಿಪ್ಪೆ, ಬಾಳೆಯೆಲೆ ಎಲ್ಲವನ್ನೂ ಮನೆಯ ಮಗ ಒಮ್ಮೆಗೇ ತೊಟ್ಟಿಗೆ ಸುರಿದು ಮುಚ್ಚಿದರು. ಹಸಿಯ ರಾಶಿ ಕೊಳೆಯತೊಡಗಿದಾಗ ಅದರೊಳಗೆ ತಾಪ ಏರುತ್ತದೆ, ಹುಳಿ ಹುಟ್ಟುತ್ತದೆ. ಎರೆಹುಳು ಅದನ್ನು ತಾಳಲಾರದು. ಮೂರನೆಯ ದಿನ ಮುಚ್ಚಳ ತೆಗೆದಾಗ ಹುಳುಗಳು ಅಂಚಿನುದ್ದಕ್ಕೂ ಹತ್ತಿ ಗುಂಪುಗೂಡಿದ್ದವು. ಒಳಗಿದ್ದವು ಬಹುಪಾಲು ಸತ್ತಿದ್ದವು. ಹತ್ತು ದಿನ ಉತ್ತಮಕ್ಷಮೆಯಿಂದ ಮೊದಲ್ಗೊಂಡು ಹತ್ತು ಧರ್ಮಗಳನ್ನು ಚಿಂತಿಸಿದ ಮನೆಯಲ್ಲಿ ಈ ಸಾವು ಸಂಭವಿಸಿತ್ತು. ಸೊಸೆ ಅಂದು ಏಕಭುಕ್ತ ಮಾಡಿದರು. ತೊಟ್ಟಿಯನ್ನು ತೆಗೆದುಬಿಡುವುದಾಗಿ ಅತ್ತೆಗೆ ಹೇಳಿದರು.

ಅಲ್ಲಿ ಅತ್ತೆ ಆಡಿದ ಮಾತು ಯಾರೂ ನಿರೀಕ್ಷಿಸದ್ದು. “ಬಿಟ್ಟುಬಿಟ್ಟರೆ ಕಸ ಮತ್ತೆ ಲಾರಿಗೇ ಹೋಗುತ್ತದೆ. ಉಳಿದಿರೋ ಜೀವಗಳನ್ನು ಎಲ್ಲಿ ಬಿಡುತ್ತೀ? ತಂದ ಮೇಲೆ ಅವು ನಿನ್ನ ಮನೆಯವೇ. ವ್ರತ ಹೇಗೆ ಕೆಡುತ್ತದೆ ಅಂತ ಸೂತ್ರದಲ್ಲಿ ಹೇಳಿದೆಯಲ್ಲ, ಅದನ್ನೇ ಇಟ್ಟುಕೊಂಡು ನೋಡು,” ಎಂದು ಬೆರಳು ಮಡಚಿ ಐದು ಹೆಸರುಗಳನ್ನು ಹೇಳಿದರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆದು ನೋಯಿಸುವುದು. ಈ ಐದನ್ನೂ ಹಟ್ಟಿಯ ದನ, ಬಂಡಿಯ ಎತ್ತುಗಳನ್ನು ಮನಸ್ಸಿನಲ್ಲಿಟ್ಟು ವಿವರಿಸುವುದು ರೂಢಿ. ಎರೆಹುಳುವಿನ ತೊಟ್ಟಿಗೂ ಅವು ಒಂದೊಂದಾಗಿ ಅನ್ವಯಿಸುತ್ತವೆ. ಪಾರಣೆಯ ಕಸವನ್ನು ಒಮ್ಮೆಗೇ ಸುರಿದದ್ದು ಅತಿಭಾರಾರೋಪಣವಲ್ಲದೆ ಮತ್ತೇನು? ಬೇಸಿಗೆಯಲ್ಲಿ ಊರಿಗೆ ಹೋಗಿ ನೀರು ಚಿಮುಕಿಸದೆ ಬಿಡುವುದು ಅನ್ನಪಾನನಿರೋಧ. ಗೊಬ್ಬರ ತೆಗೆಯುವಾಗ ಸಲಿಕೆ ಹಾಕುವುದು ಛೇದ. ಉಪ್ಪು, ಖಾರ, ಎಣ್ಣೆ, ನಿಂಬೆಯ ಹೋಳುಗಳನ್ನು ಹಾಕಿ ಆ ತೆಳುಚರ್ಮವನ್ನು ಸುಡುವುದು ವಧ. ತೊಟ್ಟಿಯೇ ಬಂಧ.

ಆ ಮನೆಯವರು ಕೊನೆಯದರಿಂದಲೇ ಆರಂಭಿಸಿದರು. ಹಿತ್ತಲ ಸಂಪಿಗೆ ಮರದ ನೆರಳಿನಲ್ಲಿ ತಳವಿಲ್ಲದಂತೆ ನಾಲ್ಕು ಸಾಲು ಇಟ್ಟಿಗೆ ಜೋಡಿಸಿ ಒಂದು ಗುಂಡಿಯನ್ನು ಮಾಡಿದರು. ಹುಳುಗಳನ್ನು ಕೊಳ್ಳಲಿಲ್ಲ. ತೋಟದಲ್ಲಿ ಎರೆಮಣ್ಣಿನ ಗುಳಿಗೆಗಳು ಹೆಚ್ಚಾಗಿ ಕಾಣುವ ಕಡೆ ಸೆಗಣಿ ಮತ್ತು ಬೆಲ್ಲವನ್ನು ನೀರಿನಲ್ಲಿ ಕದಡಿ ಚಿಮುಕಿಸಿ, ಹುಲ್ಲು ಹರಡಿ, ಒದ್ದೆ ಗೋಣಿ ಹೊದಿಸಿ, ಮೂರು ನಾಲ್ಕು ವಾರ ತೇವ ಆರದಂತೆ ನೋಡಿಕೊಂಡರೆ ಆ ನೆಲದ ಹುಳುಗಳು ತಾವಾಗಿಯೇ ಅಲ್ಲಿ ಸೇರುತ್ತವೆ. ಅವರು ಗುಂಡಿಯೊಳಗೇ ಹಾಗೆ ಮಾಡಿದರು. ಬಂದ ಜೀವಕ್ಕೆ ಹೋಗುವ ದಾರಿಯೂ ತೆರೆದಿತ್ತು. ತಳ ತೆರೆದಿರುವುದರಿಂದ ಬೇಸಿಗೆಯ ತಾಪದಲ್ಲಿ ಅವು ಮಣ್ಣಿನಾಳಕ್ಕೆ ಇಳಿಯಬಹುದು. ತಂಪಾದಾಗ ಮೇಲೆ ಬರಬಹುದು. ಹೊರನಾಡಿನ ಜಾತಿಗಳನ್ನು ಹೀಗೆ ತೆರೆದ ನೆಲಕ್ಕೆ ಬಿಡುವುದು ಸಲ್ಲದು. ಅದರಲ್ಲಿಯೂ ಮಲೆನಾಡಿನ ಕಾಡಂಚಿನವರು ಇದನ್ನು ಗಮನಿಸಬೇಕು. ಉತ್ತರ ಅಮೆರಿಕದ ಕೆಲವು ಕಾಡುಗಳಲ್ಲಿ ಹೊರಗಿನಿಂದ ಬಂದ ಎರೆಹುಳುಗಳು ತರಗೆಲೆಯ ಹೊದಿಕೆಯನ್ನೇ ತಿಂದು ಮುಗಿಸಿ ಅಲ್ಲಿಯ ಗಿಡಗಳಿಗೆ ಕುತ್ತು ತಂದಿವೆ.

ಹಸಿ ಕಸವನ್ನು ಮೊದಲು ಬೇರೊಂದು ಮಡಕೆಯಲ್ಲಿ ಒಣ ಎಲೆ, ಸ್ವಲ್ಪ ಸೆಗಣಿಯೊಡನೆ ಎರಡು ಮೂರು ವಾರ ಇಟ್ಟು, ಕಾವು ಇಳಿದ ಮೇಲೆ ತೆಳುವಾಗಿ ಗುಂಡಿಗೆ ಹರಡುತ್ತಾರೆ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ಗೊಬ್ಬರವನ್ನು ಎಬ್ಬಿಸಲು ಅವಸರವಿಲ್ಲ. ಗುಂಡಿಯ ಒಂದು ಬದಿಗೆ ಆಹಾರ ಹಾಕುವುದನ್ನು ನಿಲ್ಲಿಸಿ ಇನ್ನೊಂದು ಬದಿಗೆ ಮಾತ್ರ ಹಾಕಿದರೆ ಕೆಲವು ವಾರಗಳಲ್ಲಿ ಹುಳುಗಳು ಅತ್ತ ಸರಿಯುತ್ತವೆ. ಬಿಟ್ಟುಹೋದ ಬದಿಯ ಕಪ್ಪು ಗೊಬ್ಬರವನ್ನು ಕೈಯಿಂದ ಗೋಪುರದಂತೆ ರಾಶಿ ಮಾಡಿದರೆ, ಉಳಿದ ಹುಳುಗಳು ಬೆಳಕಿಗೆ ಹಿಂಜರಿದು ತಳಕ್ಕೆ ಇಳಿಯುತ್ತವೆ. ಮೇಲಿನದನ್ನು ಗಿಡಗಳಿಗೆ ಹಾಕಿ, ತಳದ ಒಂದು ಹಿಡಿಯನ್ನು ಗುಂಡಿಗೆ ಮರಳಿಸುತ್ತಾರೆ. ಈ ಕೆಲಸವನ್ನು ಅತ್ತೆ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಬಾವಿಯ ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲುಳಿದ ಜೀವಗಳನ್ನು ಅದೇ ಬಾವಿಗೆ ಜೋಪಾನವಾಗಿ ಇಳಿಸುವ ಪದ್ಧತಿಯಲ್ಲಿ ಬೆಳೆದ ಕೈ ಅದು. ಇದು ಹೊಸ ವಿದ್ಯೆಯೆಂದು ಅವರಿಗೆ ಅನ್ನಿಸಲಿಲ್ಲ.

ಹಿತ್ತಲಿಲ್ಲದ ಮನೆಗಳಲ್ಲಿ ವಾಸಿಸುವವರೇ ಇಂದು ಹೆಚ್ಚು. ಅವರಿಗೆ ತೊಟ್ಟಿಯಲ್ಲದೆ ಬೇರೆ ಮಾರ್ಗವಿಲ್ಲದಿರಬಹುದು. ಅಂಥವರು ತೊಟ್ಟಿಯನ್ನು ತರುವ ಮುನ್ನ ಆ ಐದು ಹೆಸರುಗಳನ್ನು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು. ನಿತ್ಯ ನೋಡಿಕೊಳ್ಳುವ ಬಿಡುವಾಗಲಿ ನೆರಳಿನ ಸ್ಥಳವಾಗಲಿ ಇಲ್ಲದವರು ಎರೆಹುಳುವನ್ನು ತರದೆ, ತರಗೆಲೆಯೊಡನೆ ಮಡಕೆಯಲ್ಲಿ ಕಸವನ್ನು ಕಳಿಯಬಿಡುವುದೇ ಮೇಲು. ಹುಳುಗಳನ್ನು ಬೆಳೆಸಿ ತೂಕದ ಲೆಕ್ಕದಲ್ಲಿ ಮಾರುವ ಉದ್ಯೋಗದಿಂದ ಶ್ರಾವಕನು ದೂರವಿರುವುದು ಲೇಸು. ಗೊಬ್ಬರವನ್ನು ಕೊಡಬಹುದು, ಜೀವವನ್ನು ಸರಕಾಗಿಸುವುದು ಬೇರೆಯೇ ಮಾತು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪುವುದಿಲ್ಲ. ಕೊಳೆಯುವ ವಸ್ತುವಿರುವಲ್ಲಿ ಸೂಕ್ಷ್ಮ ಜೀವಿಗಳ ಹುಟ್ಟು ಸಾವು ನಡೆದೇ ನಡೆಯುತ್ತದೆ. ಆದುದರಿಂದ ಮೊದಲ ಸಾಧನೆ ಕಸವನ್ನು ಕರಗಿಸುವುದಲ್ಲ, ಕಸವಾಗದಂತೆ ಉಣ್ಣುವುದು. ಬೇಕಾದಷ್ಟನ್ನೇ ಬಡಿಸಿಕೊಂಡು, ತಟ್ಟೆಯಲ್ಲಿ ಅಗುಳೂ ಉಳಿಯದಂತೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದ ಹಿರಿಯರನ್ನು ಜಿಪುಣರೆಂದು ಹಾಸ್ಯ ಮಾಡಿದ ಪೀಳಿಗೆಯವರು ಆ ಆಚಾರದ ಅರ್ಥವನ್ನು ಈಗ ನಗರಪಾಲಿಕೆಯ ಪ್ರಕಟಣೆಗಳಿಂದ ಕಲಿಯಬೇಕಾಗಿ ಬಂದಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ತಂಗಳನ್ನು ಉಳಿಸದ ಮನೆಯಲ್ಲಿ ಎರೆಹುಳುವಿಗೆ ಸಿಪ್ಪೆ ಮತ್ತು ತರಗೆಲೆಗಳ ಹೊರತು ಹೆಚ್ಚೇನೂ ದೊರೆಯಲಾರದು. ಅದಕ್ಕೆ ಅಷ್ಟು ಸಾಕು. ಅಷ್ಟನ್ನೇ ಉಂಡು ಅದು ಮಣ್ಣಿಗೆ ಸಾರವನ್ನು ಕೊಡುತ್ತದೆ. ಕೊಂಡದ್ದಕ್ಕಿಂತ ಹೆಚ್ಚಿನದನ್ನು ಹಿಂದಿರುಗಿಸುವ ಈ ಎರಡಿಂದ್ರಿಯದ ಜೀವಿಯ ಎದುರಿನಲ್ಲಿ ಐದು ಇಂದ್ರಿಯ, ಮನಸ್ಸು, ವಿವೇಕಗಳನ್ನು ಪಡೆದವನು ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳಬೇಕು.