ಊರಿನ ದಾರಿಗೆ ಹೊಸ ಬಂಕುಗಳು

ಪುಣೆ-ಬೆಂಗಳೂರು ಹೆದ್ದಾರಿ ನಿಮಗೆ ಹೊಸದೇನಲ್ಲ. ರಜೆಯಲ್ಲಿ ಊರಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಲೇ ಎಷ್ಟೋ ಸಲ ದಾಟಿದ್ದೀರಿ. ಈಗ ಸ್ಟಿಯರಿಂಗ್ ನಿಮ್ಮ ಕೈಗೆ ಬಂದಿದೆ. ನಿಮ್ಮಲ್ಲಿ ಕೆಲವರು ಸಿಎನ್‌ಜಿ ಕಾರು ಕೊಂಡಿದ್ದೀರಿ, ಕೆಲವರು ಬ್ಯಾಟರಿ ಕಾರಿನ ಲೆಕ್ಕ ಹಾಕುತ್ತಿದ್ದೀರಿ. ಹಾಗಾದರೆ ಈ ದಾರಿಯನ್ನು ಒಮ್ಮೆ ಬೇರೆ ಕಣ್ಣಿನಿಂದ ನೋಡೋಣ, ಬನ್ನಿ.

ಸುಮಾರು 840 ಕಿ.ಮೀ. ದಾರಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನ್ನುತ್ತಿದ್ದರು, ಈಗ ಅದು 48. ಪುಣೆ ಬಿಟ್ಟೊಡನೆ ಕಾತ್ರಜ, ಆಮೇಲೆ ಖಂಬಾಟ್ಕಿ ಘಾಟು. ಏರು ಹತ್ತುವಾಗ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಇಳಿಯುವಾಗ ಸ್ವಲ್ಪ ಮಾತ್ರ ಮರಳಿ ತುಂಬುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎ.ಸಿ. ಕಂಪನಿಯವರು ಹೇಳಿದ ಮೈಲೇಜು ಎಲ್ಲಿಂದ ಬರಬೇಕು? 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೆದ್ದಾರಿಯ ಎರಡೂ ಬದಿಗೆ 25 ಕಿ.ಮೀ.ಗೊಂದು ಚಾರ್ಜಿಂಗ್ ಸ್ಟೇಷನ್ ಇರಬೇಕೆಂದು ಸೂಚಿಸಿತು. 'ಎರಡೂ ಬದಿ' ಎಂಬ ಮಾತನ್ನು ಗಮನಿಸಿ. ಡಿವೈಡರಿನ ಆಚೆಗಿನ ಸ್ಟೇಷನ್ನು ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ.

ಆದರೆ ಕಿಲೋಮೀಟರ್ ಎಣಿಸಿದರಷ್ಟೇ ಸಾಲದು. ಕೊಲ್ಹಾಪುರದ ಬಳಿ 2019ರಲ್ಲಿ, ಮತ್ತೆ 2021ರಲ್ಲಿ, ಪಂಚಗಂಗೆ ಉಕ್ಕಿ ಹೆದ್ದಾರಿಯೇ ಮುಚ್ಚಿತು. ಅಂಥ ಕಡೆ ತಗ್ಗಿನಲ್ಲಿ ಯಂತ್ರ ನಿಲ್ಲಿಸಿದರೆ ಏನು ಪ್ರಯೋಜನ?

ಗಡಿ ದಾಟಿ ಕರ್ನಾಟಕಕ್ಕೆ ಬಂದಿರಿ. ಇಲ್ಲಿ ಕಣ್ಣಿಗೆ ಕಾಣದ ಇನ್ನೊಂದು ದಾರಿಯಿದೆ. ದಾಭೋಳದಿಂದ ಬೆಂಗಳೂರಿಗೆ ನೆಲದೊಳಗೆ ಹಾಕಿದ ಅನಿಲದ ಕೊಳವೆ 2013ರಲ್ಲಿ ಶುರುವಾಯಿತು. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಅದು ಹಾದುಬರುತ್ತದೆ. ಕೊಳವೆಯ ಜೋಡಣೆ ಇರುವ ಬಂಕಿಗೆ ಗ್ಯಾಸಿನ ಚಿಂತೆಯಿಲ್ಲ. ಇಲ್ಲದ ಬಂಕಿಗೆ ಸಿಲಿಂಡರುಗಳಲ್ಲಿ ತುಂಬಿ ಲಾರಿಯಲ್ಲಿ ತರಬೇಕು. ತುಂಬಿ ಕಳಿಸುವುದಕ್ಕೆ ತಾಯಿ ಸ್ಟೇಷನ್, ಪಡೆಯುವುದಕ್ಕೆ ಮಗಳು ಸ್ಟೇಷನ್ ಎಂದೇ ಹೆಸರು! ತವರಿನ ಬುತ್ತಿ ತಡವಾದರೆ ಮಗಳ ಮನೆಯಲ್ಲಿ ನೀವೂ ಕಾಯಬೇಕು.

ಕರೆಂಟಿನ ಕಥೆಯೂ ಇದೇ. 60 ಕಿಲೋವ್ಯಾಟಿನ ಒಂದು ಯಂತ್ರವೆಂದರೆ 2 ಕಿಲೋವ್ಯಾಟಿನ 30 ಗೀಸರುಗಳನ್ನು ಒಟ್ಟಿಗೆ ಹಾಕಿದಂತೆ. ಢಾಬಾದ ಲೈಟು, ಫ್ಯಾನಿಗೆಂದು ಎಳೆದ ತಂತಿ ಅದನ್ನು ತಡೆಯುವುದಿಲ್ಲ. ಸಾಕಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು. ಅದಕ್ಕೇ ಮೊದಲು ತಂತಿ, ಕೊಳವೆ ಎಲ್ಲಿವೆಯೆಂದು ನೋಡಿ, ಆಮೇಲೆ ಜಾಗ ಹುಡುಕಬೇಕು.

ಇನ್ನು ಹಬ್ಬದ ಲೆಕ್ಕ. ಒಂದು ಸ್ಟೇಷನ್ನಿನಲ್ಲಿ ಎರಡು ಗನ್ನು, ಒಂದು ಕಾರಿಗೆ 45 ನಿಮಿಷ ಎಂದುಕೊಳ್ಳಿ. ದೀಪಾವಳಿಯ ಹಿಂದಿನ ದಿನ ಆರು ಕಾರು ಒಟ್ಟಿಗೆ ಬಂದರೆ, ಕೊನೆಯ ಎರಡು ಕಾರುಗಳು ಒಂದೂವರೆ ಗಂಟೆ ಕಾದ ಮೇಲೆ ಪಾಳಿ! ದಿಲ್ಲಿಯಲ್ಲಿ ಹೀಗೇ ಆಯಿತು. ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು 1998ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಗಡುವಿನ ವರ್ಷವಾದ 2001 ಬಂದಾಗ ಬಂಕುಗಳು ಸಾಲದೆ ಮಾರುದ್ದ ಸಾಲು ನಿಂತವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಆ 45 ನಿಮಿಷವನ್ನು ಎಲ್ಲಿ ಕಳೆಯುತ್ತೀರಿ ಎಂಬುದೂ ಮುಖ್ಯ. ರಾತ್ರಿ ಹತ್ತಕ್ಕೆ ದೀಪವಿಲ್ಲದ, ಶೌಚಾಲಯವಿಲ್ಲದ ಬಯಲಿನಲ್ಲಿ ಹೆಣ್ಣುಮಕ್ಕಳು, ಮುದುಕರು ಕೂರಬೇಕೇ? ಮುಂಬಯಿ, ಪುಣೆಗಳಿಗೆ ಇಡ್ಲಿ-ದೋಸೆಯ ರುಚಿ ಹತ್ತಿಸಿದವರು ನಮ್ಮ ಉಡುಪಿ ಕಡೆಯ ಹೋಟೆಲಿನವರು. ಚಾರ್ಜಿಂಗ್ ಸ್ಟೇಷನ್ ಇಡಲು ಲೈಸೆನ್ಸಿನ ಅಗತ್ಯವಿಲ್ಲವೆಂದು ಅದೇ 2018ರಲ್ಲಿ ಸರ್ಕಾರ ಹೇಳಿತು. ಬಿಸಿ ಊಟ, ಶುಚಿಯಾದ ಶೌಚಾಲಯ, ಪಕ್ಕದಲ್ಲಿ ಚಾರ್ಜರು: ಹೆದ್ದಾರಿ ಬದಿಯ ನಮ್ಮ ಹೋಟೆಲಿನವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು?

ಇದೆಲ್ಲ ಇಂಜಿನಿಯರುಗಳ ಕೆಲಸ, ನಮಗೇಕೆ ಎನ್ನಬೇಡಿ. ದಾರಿಯಲ್ಲಿ ಒಮ್ಮೆ ಪರದಾಡಿದವರು ಮುಂದಿನ ಸಲ 'ಆಮೇಲೆ ಹೋದರಾಯಿತು' ಎನ್ನುತ್ತಾರೆ. ಹೀಗೆ ಮುಂದೂಡುತ್ತ ಹೋದರೆ ಊರು ದೂರವಾಗುತ್ತದೆ, ಅಲ್ಲಿ ಕಾಯುವ ಹಿರಿಯರು ಮಾತ್ರ ಬಹಳ ವರ್ಷ ಕಾಯಲಾರರು. ಮುಂದಿನ ಸಲ ಹೊರಟಾಗ ಯಾವ ಯಂತ್ರ ನಡೆಯುತ್ತಿತ್ತು, ಯಾವುದು ಕೆಟ್ಟು ನಿಂತಿತ್ತು, ಎಲ್ಲಿ ದೀಪವಿತ್ತು, ಎಲ್ಲಿ ನೀರಿತ್ತು ಎಂದು ಬರೆದಿಟ್ಟುಕೊಂಡು ಬನ್ನಿ. ಹತ್ತು ಜನರ ಟಿಪ್ಪಣಿ ಸೇರಿದರೆ ಸಂಘದ ಹೆಸರಿನಲ್ಲಿ ಹೆದ್ದಾರಿ ಪ್ರಾಧಿಕಾರಕ್ಕೆ ಒಂದು ಪತ್ರವಾಗುತ್ತದೆ.