ಕೈ ಬೀಸಿ ಆಡುವ ಆಟ

ಜಪಾನ್ ದೇಶದ ಕ್ಯೋಟೊ ನಗರದಲ್ಲಿ 1889ನೆಯ ಇಸವಿಯಲ್ಲಿ ಒಂದು ಇಸ್ಪೀಟಿನ ಅಂಗಡಿ ಹುಟ್ಟಿತು. ಹನ್ನೆರಡು ತಿಂಗಳುಗಳ ಗಿಡಹೂಗಳನ್ನು 48 ಎಲೆಗಳ ಮೇಲೆ ಚಿತ್ರಿಸಿದ ಹನಫುದ ಎಂಬ ಆಟದ ಎಲೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. ನಮ್ಮ ಮೈಸೂರಿನ ಗಂಜೀಫವನ್ನು ಕಂಡವರಿಗೆ ಅವುಗಳ ಸೊಗಸನ್ನು ಬಣ್ಣಿಸಬೇಕಾದುದಿಲ್ಲ. ಆ ಅಂಗಡಿಯೇ ಕಾಲಕ್ರಮದಲ್ಲಿ ನಿಂಟೆಂಡೊ ಎಂಬ ದೊಡ್ಡ ಕಂಪೆನಿಯಾಗಿ, ಟೆಲಿವಿಜನ್ನಿಗೆ ಜೋಡಿಸಿ ಆಡುವ ಯಂತ್ರಗಳಿಂದ ಲೋಕಪ್ರಸಿದ್ಧವಾಯಿತು. ಆ ಯಂತ್ರಗಳಲ್ಲಿ ‘ವೀ’ ಎಂಬುದೊಂದನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಮಕ್ಕಳಾಟದ ವಿಷಯವೆಂದು ಹಿರಿಯರು ಹಾಳೆ ಮಗುಚದಿರಲಿ. ಹಿರಿಯರನ್ನೇ ಆಟಕ್ಕೆ ಕರೆದ ಯಂತ್ರವಿದು.

ಇಂಗ್ಲಿಷಿನಲ್ಲಿ ‘ನಾವು’ ಎಂಬರ್ಥದ ಪದದಂತೆ ಕಿವಿಗೆ ಕೇಳಲೆಂದೇ ಇಟ್ಟ ಹೆಸರು ಇದು. ಬರೆಯುವಾಗ ಕೊನೆಯಲ್ಲಿ ಜೊತೆಯಾಗಿ ನಿಲ್ಲುವ ಎರಡು ಅಕ್ಷರಗಳು ಪಕ್ಕಪಕ್ಕದಲ್ಲಿ ನಿಂತ ಇಬ್ಬರು ಮನುಷ್ಯರನ್ನು ಸೂಚಿಸುವುವೆಂದು ಕಂಪೆನಿಯವರು ಹೇಳಿದರು. ಮೊದಲು ಕೇಳಿದವರಲ್ಲಿ ಅನೇಕರು ನಕ್ಕರು. ಆದರೆ ಆ ಹೆಸರಿನ ಹಿಂದೆ ಒಂದು ಚಿಂತೆಯಿದ್ದಿತು. ನಿಂಟೆಂಡೊ ಕಂಪೆನಿಯ ಹಿಂದಿನ ಯಂತ್ರವಾದ ಗೇಮ್‌ಕ್ಯೂಬು ಲೋಕದಲ್ಲೆಲ್ಲ ಸೇರಿ 2 ಕೋಟಿ 17 ಲಕ್ಷದಷ್ಟು ಮಾತ್ರ ಮಾರಾಟವಾಗಿದ್ದಿತು. ಸೋನಿ, ಮೈಕ್ರೋಸಾಫ್ಟ್ ಕಂಪೆನಿಗಳು ಚಿತ್ರವನ್ನು ಇನ್ನಷ್ಟು ಮತ್ತಷ್ಟು ನವಿರಾಗಿಸುವ ಪೈಪೋಟಿಯಲ್ಲಿ ತೊಡಗಿದ್ದುವು. 2002ರಲ್ಲಿ ಅಧ್ಯಕ್ಷರಾದ ಸತೋರು ಇವಾತ ಎಂಬವರು ಬೇರೆಯೇ ಯೋಚಿಸಿದರು. ಆಟಗಳು ಜಟಿಲವಾಗುತ್ತ ಬಂದಂತೆ ಹೊಸಬರು ಹತ್ತಿರ ಬರಲು ಅಂಜುವರು. ಹತ್ತಾರು ಗುಂಡಿಗಳುಳ್ಳ ಹಿಡಿಯನ್ನು ಮನೆಯ ಹುಡುಗನೊಬ್ಬನು ಹಿಡಿದರೆ ತಾಯಿತಂದೆಗಳು ದೂರ ಕುಳಿತು ಅವನ ಬೆನ್ನನ್ನು ನೋಡುತ್ತಿರಬೇಕು. ಆದುದರಿಂದ ಚಿತ್ರದ ನವಿರಿನಲ್ಲಿ ಸ್ಪರ್ಧಿಸುವುದನ್ನು ಬಿಟ್ಟು, ಕೈಯಲ್ಲಿ ಹಿಡಿಯುವ ವಸ್ತುವನ್ನೇ ಬದಲಿಸಿದರು. 2006ರ ನವೆಂಬರಿನಲ್ಲಿ ಅಮೆರಿಕಕ್ಕೂ ಮರುತಿಂಗಳು ಜಪಾನ್ ಯೂರೋಪುಗಳಿಗೂ ಬಂದ ಆ ಯಂತ್ರದ ಬೆಲೆ ಅಮೆರಿಕದಲ್ಲಿ 250 ಡಾಲರು. ಅದೇ ತಿಂಗಳು ಅಲ್ಲಿ ಬಂದ ಸೋನಿಯವರ ಯಂತ್ರಕ್ಕಾದರೋ ಕನಿಷ್ಠ 500.

ಕೈಯ ವಸ್ತು ನೋಡಲು ಟೆಲಿವಿಜನ್ನಿನ ರಿಮೋಟಿನಂತೆಯೇ ಇದ್ದಿತು. ಇದೂ ಯೋಚಿಸಿಯೇ ಮಾಡಿದ್ದು. ರಿಮೋಟಿಗೆ ಯಾವ ಮನೆಯಲ್ಲಿಯೂ ಯಾರೂ ಅಂಜುವುದಿಲ್ಲವಷ್ಟೆ. ಅದರೊಳಗೆ ಸಿಲಿಕಾನಿನಿಂದ ಕೊರೆದ ಕಣ್ಣಿಗೆ ಕಾಣದಷ್ಟು ಸಣ್ಣ ತೂಕವೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ನಿಂತಿರುವುದು. ಕೈಯನ್ನು ಬೀಸಿದರೆ ಆ ತೂಕವು ಅತ್ತಿತ್ತ ಸರಿಯುವುದು. ಸರಿದ ಅಳತೆಯಿಂದ ಬೀಸಿನ ವೇಗಭೇದವನ್ನೂ, ಭೂಮಿಯ ಸೆಳೆತದಿಂದ ರಿಮೋಟಿನ ಓರೆಯನ್ನೂ ಯಂತ್ರವು ತಿಳಿಯುವುದು. ರಿಮೋಟಿನ ಮುಂತುದಿಯಲ್ಲಿ ಅತಿರಕ್ತ ಕಿರಣಗಳನ್ನು ಕಾಣುವ ಒಂದು ಕಣ್ಣೂ ಉಂಟು. ಟೆಲಿವಿಜನ್ನಿನ ಮೇಲೆ ಇಡುವ ಪಟ್ಟಿಗೆ ‘ಸೆನ್ಸಾರ್ ಬಾರ್’ ಎಂದು ಹೆಸರು. ಆದರೆ ಅದು ಏನನ್ನೂ ಗ್ರಹಿಸುವುದಿಲ್ಲ, ಅದರಲ್ಲಿರುವುದು ಬರಿಯ ದೀಪಗಳು. ಎರಡು ಮೋಂಬತ್ತಿಗಳನ್ನು ಹಚ್ಚಿಟ್ಟರೂ ಕೆಲಸ ನಡೆಯುವುದೆಂದು ಆಡುವವರು ಬೇಗನೆ ಕಂಡುಕೊಂಡರು. ಇಂತಹ ಅನ್ವರ್ಥವಲ್ಲದ ನಾಮವನ್ನು ಹಿಂದಿನ ವೈಯಾಕರಣರು ಸುಮ್ಮನೆ ಬಿಡುತ್ತಿರಲಿಲ್ಲ.

ದರ್ಭೆಯನ್ನು ಕೈ ಕುಯ್ದುಕೊಳ್ಳದೆ ಕೊಯ್ಯಬಲ್ಲವನೇ ‘ಕುಶಲ’ನೆಂದು ವ್ಯುತ್ಪತ್ತಿ ಹೇಳುವರು. ಕೌಶಲವೆಂಬುದು ಮೊದಲು ಕೈಯದು, ಆಮೇಲೆ ಮಿಕ್ಕದ್ದರದು. ಈ ಯಂತ್ರದೊಡನೆ ಜಪಾನಿನ ಹೊರಗೆ ಬಹುಮಟ್ಟಿಗೆ ಎಲ್ಲೆಡೆಯೂ ಉಚಿತವಾಗಿ ಕೊಟ್ಟ ‘ವೀ ಸ್ಪೋರ್ಟ್ಸ್’ ಎಂಬುದರಲ್ಲಿ ಟೆನ್ನಿಸು, ಬೇಸ್‌ಬಾಲು, ಬೌಲಿಂಗು, ಗಾಲ್ಫು, ಮುಷ್ಟಿಯುದ್ಧ ಎಂದು ಐದು ಆಟಗಳಿದ್ದುವು. ಇವುಗಳಿಗೆ ಬೇಕಾದ ಕೌಶಲವು ಚೆಂಡನ್ನೋ ಕೋಲನ್ನೋ ಎಂದಾದರೂ ಬೀಸಿದ ಯಾರ ಕೈಯಲ್ಲಿಯೂ ಮೊದಲೇ ಇದ್ದಿತು. ಅಮೆರಿಕ ಇಂಗ್ಲೆಂಡುಗಳ ವೃದ್ಧಾಶ್ರಮಗಳಲ್ಲಿ ಭಾರವಾದ ಚೆಂಡನ್ನು ಎತ್ತಲಾರದ ಮುದುಕರು ಬೌಲಿಂಗ್ ಪಂದ್ಯಗಳನ್ನೇ ನಡೆಸಿದರು.

ಕಳೆದ ವರ್ಷ ಪರದೇಶದಲ್ಲಿರುವ ನಮ್ಮ ಮಗಳ ಮನೆಗೆ ಹೋಗಿದ್ದಾಗ, ಅಟ್ಟದಲ್ಲಿದ್ದ ಈ ಯಂತ್ರವನ್ನು ಇಳಿಸಿ ಜೋಡಿಸಿದರು. ಎಪ್ಪತ್ತೆಂಟು ವರ್ಷದ ನಮ್ಮ ಬೀಗಿತ್ತಿಯವರು ಸೆರಗು ಸಿಕ್ಕಿಸಿ, ಒಂದು ಹೆಜ್ಜೆ ಮುಂದಿಟ್ಟು, ತೋಳನ್ನು ಹಿಂದಕ್ಕೊಯ್ದು ಚೆಂಡನ್ನು ಉರುಳಿಸಿದರು. ಮೊಮ್ಮಗನು ಸೋಫಾದ ಮೇಲೆ ಮಲಗಿ ಮಣಿಕಟ್ಟನ್ನು ಕೊಂಚ ಅಲುಗಿಸಿದನು, ಗೆದ್ದನು. ಆ ತಾಯಿಯವರು ಸುಮ್ಮನಿರಲಿಲ್ಲ. “ಎದ್ದು ನಿಂತು ಆಡೋ ಮಗು, ಆಮೇಲೆ ಗೆದ್ದೆ ಅನ್ನು” ಎಂದರು. ಅವರ ಆಕ್ಷೇಪಣೆ ನ್ಯಾಯವಾದುದು. ಯಂತ್ರಕ್ಕೆ ತೋಳಿನ ಬೀಸೂ ಮಣಿಕಟ್ಟಿನ ಕುಲುಕೂ ಹೆಚ್ಚುಕಡಮೆ ಒಂದೇ. ಹಿರಿಯರು ಬೌಲಿಂಗನ್ನು ಆಡುತ್ತಿದ್ದರು, ಹುಡುಗನು ಯಂತ್ರವನ್ನು ಆಡುತ್ತಿದ್ದನು. 2009ರಲ್ಲಿ ‘ಮೋಷನ್ ಪ್ಲಸ್’ ಎಂಬ ತುಣುಕನ್ನು ಸೇರಿಸಿ, ತಿರುವನ್ನು ಅಳೆಯುವ ಗೈರೋಸ್ಕೋಪಿನಿಂದ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದರು. ಆ ಹೊತ್ತಿಗೆ ಹುಡುಗರು ಸುಳುವನ್ನು ಕಲಿತಾಗಿದ್ದಿತು.

ನಿಜವಾಗಿ ಬೀಸಿದವರ ಕಷ್ಟ ಬೇರೆ. ರಿಮೋಟು ಕೈ ಜಾರಿ ಗಾಜು ಒಡೆದುವು. ಯಂತ್ರ ಬಂದ ತಿಂಗಳಲ್ಲಿಯೇ 32 ಲಕ್ಷ ಕೈಪಟ್ಟಿಗಳನ್ನು ಬದಲಿಸಿ ಕೊಡುವೆವೆಂದು ಕಂಪೆನಿಯವರು ಸಾರಬೇಕಾಯಿತು. 2007ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ, ಟೆನ್ನಿಸ್ ಆಡಿ ಭುಜ ನೋಯಿಸಿಕೊಂಡವನ ವ್ಯಾಧಿಗೆ ಯಂತ್ರದ ಹೆಸರನ್ನೇ ಸೇರಿಸಿ ಒಂದು ರೋಗನಾಮವನ್ನು ಕಟ್ಟಿದರು.

ಒಟ್ಟು 10 ಕೋಟಿ 16 ಲಕ್ಷ ಯಂತ್ರಗಳು ಮಾರಿದುವು. ಆದರೆ ಹಾಗೆ ಬಂದ ಹಿರಿಯರು ನೆಂಟರಂತೆ ಬಂದರು, ಒಕ್ಕಲಾಗಲಿಲ್ಲ. ಹಬ್ಬದ ದಿನ ಆಡಿ, ಮರುದಿನ ಮೇಲೆತ್ತಿಟ್ಟ ಮನೆಗಳು ಎಷ್ಟೋ. 2012ರಲ್ಲಿ ಬಂದ ‘ವೀ ಯು’ ಎಂಬುದು ಹೊಸ ಯಂತ್ರವೋ ಹಳೆಯದರ ಉಪಕರಣವೋ ಎಂದೇ ಬಹಳ ಜನಕ್ಕೆ ತಿಳಿಯಲಿಲ್ಲ. ಅದು 1 ಕೋಟಿ 35 ಲಕ್ಷಕ್ಕೆ ನಿಂತಿತು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದಿದ್ದಿತು. ಒಂದು ಕೋಣೆಯಲ್ಲಿ ಒಂದು ತೆರೆಯ ಮುಂದೆ ನಾಲ್ವರು ನಿಲ್ಲುತ್ತಿದ್ದುದು ಹೋಗಿ, ನಾಲ್ವರಿಗೆ ನಾಲ್ಕು ತೆರೆಗಳಾದುವು. ನಮಗೆ ವ್ಯಸನವಿರುವುದು ಇದರಲ್ಲಿಯೇ. 2013ರಲ್ಲಿ ಜಪಾನಿನಲ್ಲಿ ‘ವೀ’ಯ ತಯಾರಿಕೆ ನಿಂತಿತು, 2019ರ ಜನವರಿಯಲ್ಲಿ ಅದರ ಆಟಗಳನ್ನು ತಂತಿಯ ಮೂಲಕ ಮಾರುತ್ತಿದ್ದ ಅಂಗಡಿಯೂ ಮುಚ್ಚಿತು.

ಪ್ರತಿಸ್ಪರ್ಧಿಗಳು ಇದನ್ನು ಕಂಡು 2010ರಲ್ಲಿ ‘ಮೂವ್’ ಎಂದೂ ‘ಕೈನೆಕ್ಟ್’ ಎಂದೂ ತಮ್ಮ ಸಾಧನಗಳನ್ನು ತಂದರು. ಉಪಾಧ್ಯಾಯವೃತ್ತಿಯಲ್ಲಿದ್ದ ನಮಗೆ ಅದಕ್ಕಿಂತ ಮೆಚ್ಚುಗೆಯಾದುದು ಬೇರೊಂದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಜಾನಿ ಚುಂಗ್ ಲೀ ಎಂಬವರು, 2007–08ರ ಸುಮಾರಿನಲ್ಲಿ, ಸುಮಾರು 40 ಡಾಲರಿನ ಆ ರಿಮೋಟಿನ ಕಣ್ಣನ್ನು ಗೋಡೆಯ ಮೇಲಿನ ಚಿತ್ರದ ಕಡೆಗೆ ತಿರುಗಿಸಿಟ್ಟು, ತುದಿಯಲ್ಲಿ ಅತಿರಕ್ತ ದೀಪವುಳ್ಳ ಲೇಖನಿಯಿಂದ ಬರೆದು, ಸಾವಿರಾರು ಡಾಲರಿನ ಪಾಠದ ಹಲಗೆಯ ಕೆಲಸವನ್ನು ಮಾಡಿ ತೋರಿಸಿದರು. ಮಾಡುವ ಬಗೆಯನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಯಂತ್ರದೊಡನೆ ಆಡಲೆಂದು 2007ರಲ್ಲಿ ಬಂದ ನಿಲ್ಲುವ ಹಲಗೆಯ ಕಥೆಯೂ ಇಂಥದೇ. ಅದರ ನಾಲ್ಕು ಮೂಲೆಗಳಲ್ಲಿ ಭಾರವನ್ನಳೆಯುವ ಸಾಧನಗಳಿವೆ. ನಿಂತವರ ಸಮತೋಲವನ್ನು ಅದು ಪ್ರಯೋಗಶಾಲೆಯ ಬಹುಬೆಲೆಯ ಉಪಕರಣಕ್ಕೆ ಸಮೀಪವಾಗಿ ಅಳೆಯುವುದೆಂದು ಮೆಲ್ಬರ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಿಲ್ಲುವುದನ್ನು ಕಲಿಸುವ ವ್ಯಾಯಾಮಶಾಲೆಗಳಿಗೂ ಅದು ಹೋಯಿತು. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ಚಿನ ಹಿಡಿಗಳೊಳಗೆ ತೂಕದ ಸಾಧನವೂ ಗೈರೋಸ್ಕೋಪೂ ಮೊದಲಿನಿಂದಲೇ ಅಡಕವಾಗಿವೆ, ಕಟ್ಟಿಕೊಳ್ಳಲು ಕೈಪಟ್ಟಿಯೂ ಉಂಟು. 2022ರಲ್ಲಿ ಅದಕ್ಕೂ ಟೆನ್ನಿಸು, ಬೌಲಿಂಗುಗಳ ಆಟ ಬಂದಿತು. ಅದನ್ನು ಈಗಿನ ಮೊಮ್ಮಕ್ಕಳು ನಿಂತು ಆಡುವರೋ ಮಲಗಿ ಆಡುವರೋ, ಮನೆಯ ಹಿರಿಯರು ಹತ್ತಿರವಿದ್ದು ನೋಡಿಕೊಳ್ಳಬೇಕು.